ಕಾರಣ: ಮೇಲಿನಂತೆ

ಜೆಪ್ಪುವಿನ ಗೇರುಬೀಜದ ಕಾರ್ಖಾನೆಯಲ್ಲಿ
ನಾನು ರೈಟರು. ಬರೆಯುವುದೆಂದರೆ
ಹೆಸರು, ಕಿಲೋ, ಇಡೀ ಬೀಜ ಎಷ್ಟು, ತುಂಡು ಎಷ್ಟು,
ಮತ್ತೆ ಕೆಂಪು ಬೈಂಡಿನ ದಂಡದ ಪುಸ್ತಕ:
ತಡವಾಗಿ ಬಂದದ್ದು,
ಸೆರಗಿನ ತುದಿಯಲ್ಲಿ ನಾಲ್ಕು ಬೀಜ ಕಟ್ಟಿಕೊಂಡದ್ದು.
ಪದಕ್ಕೆ ಬರ ಬಂದದ್ದೇ ಇಲ್ಲ,
ಆ ಮಂಗಳವಾರದವರೆಗೆ.

ಮಸ್ಕರೇನ್ಹಸ್ ಮೇನೇಜರು ಬಂದು
"ಪೂವಕ್ಕ, ಸೆವ್ರಿನ್, ಬೀಪಾತು, ಮೂವರಿಗೂ ಐವತ್ತು ಪೈಸೆ.
ಬರೀರಿ" ಅಂದರು.
ಏನಂತ ಬರೆಯಲಿ?
"ಅದೇ, ಅವರು ಮಾಡ್ತಾ ಇರ್ತಾರಲ್ಲ, ಅದು.
ಕೈ ನಡುಗಿ ಬೀಜ ಒಡೀತದೆ."

ನಗು ಅಂತ ಬರೆದೆ. ಹೊಡೆದುಹಾಕಿದೆ.
ಮುಗುಳ್ನಗೆ ಮೊಗ್ಗಿನದು, ಮದುವೆಯ ಕಾಗದಕ್ಕೆ ಚೆನ್ನ.
ಗಹಗಹ ಬಣ್ಣದ ವೇಷದ್ದು, ನಡುರಾತ್ರಿಯದು.
ಕಿಲಕಿಲ ತೊಟ್ಟಿಲಿಗೆ ಸೇರಿದ್ದು.
ಇದು ಬಾಯಿಂದ ಬರುವುದೇ ಅಲ್ಲ;
ಮೂಗಿನಲ್ಲಿ ತಡೆದು, ಭುಜದಲ್ಲಿ ಕುಣಿದು,
ಮಗ್ಗುಲ ಹೆಂಗಸಿಗೆ ಹತ್ತಿ,
ಬೆಂಚಿನ ಕೊನೆ ಮುಟ್ಟಿ
ತಿರುಗಿ ಬರುವಂಥದು.

"ಎಂತಕ್ಕೆ ಮಾರಾಯ್ತಿ?" ಕೇಳಿದೆ.
"ಎಂತದ್ದೂ ಇಲ್ಲ ರೈಟ್ರೇ."
ಆ ಇಲ್ಲ ಎಂಬುದಕ್ಕೇ ಮತ್ತೆ ಹತ್ತಿಕೊಂಡಿತು.

ಪೂವಕ್ಕನ ತುಳುವಿನಲ್ಲಿ ತೆಲಿಕೆ,
ಸೆವ್ರಿನಳ ಕೊಂಕಣಿಯಲ್ಲಿ ಹಾಸೊ,
ಬೀಪಾತುವಿನ ಬ್ಯಾರಿಯಲ್ಲಿ ಚಿರಿ.
ಕಂಪೆನಿಯ ಪುಸ್ತಕ ಮಾತ್ರ ಕನ್ನಡ.
ಬರೆದೆ: ಕಿಸಿಕಿಸಿ.

ಬರೆದ ಮೇಲೆ ಸಂಶಯ. ಸಂಜೆ
ಕಂಕನಾಡಿಯ ಪಂಡಿತರ ಜಗಲಿಗೆ ಹೋದೆ.
ಗೆದ್ದಲು ರುಚಿ ನೋಡಿದ್ದ ನಿಘಂಟು ತೆಗೆದರು.
ಒಂದೇ ಪುಟದಲ್ಲಿ ಎರಡು.
ಕಿಸಿ: ಅಗಲಿಸು, ತೆರೆದು ತೋರು; ಹಲ್ಲು ಕಿಸಿ.
ಅದರ ಕೆಳಗೆ ಕಿಸಿಕಿಸಿ: ಅನುಕರಣ ಪದ.
ಅಂದರೆ, ಪಂಡಿತರು ಕನ್ನಡಕ ಒರೆಸಿಕೊಂಡರು,
ಅಪ್ಪನ ಹೆಸರು ಗೊತ್ತಿಲ್ಲದ ಮಗು.
"ಮೇಲಿನದಕ್ಕೂ ಕೆಳಗಿನದಕ್ಕೂ ಸಂಬಂಧ ಉಂಟೋ?"
"ಉಂಟು ಅಂದರೆ ಉಂಟು.
ಕಾಫಿ ಕುಡೀತೀರಾ?"

ಮರುದಿನ ಬೆಂಚಿಗೇ ಕೇಳಿದೆ.
ಬಾಯ್ಲರಿನ ವಾಷರು ಹೋದಾಗ ಬರುವ ಶಬ್ದ, ಅಂದಳು ಪೂವಕ್ಕ.
ಗೋಣಿಯಡಿಯ ಇಲಿಮರಿ, ಅಂದಳು ಸೆವ್ರಿನ್.
ಬೀಪಾತು ಮಾತಾಡಲಿಲ್ಲ.
ಬಿಸಿ ಆರದ ಬೀಜವೊಂದನ್ನು ಎತ್ತಿ,
ಉಗುರಿನಷ್ಟು ಕತ್ತಿಯಲ್ಲಿ ಕಂದು ಸಿಪ್ಪೆ ಸರಿಸಿ,
ನನ್ನ ಕಿವಿಯ ಹತ್ತಿರ ಹಿಡಿದು ಒತ್ತಿದಳು.
ಅದು ಎರಡು ಬೇಳೆಯಾಗಿ
ಕಿಸಕ್ ಎಂದಿತು.

ಇಡೀ ಬೀಜಕ್ಕೆ ಒಂದು ರೇಟು, ಸೀಳಿದ್ದಕ್ಕೆ ಅರ್ಧ.
ನನ್ನದೊಂದು ಪ್ರಶ್ನೆಗೆ
ಅವಳು ಅಷ್ಟು ಕೂಲಿ ಕೊಟ್ಟಿದ್ದಳು.

ಶನಿವಾರ ಬಟವಾಡೆ.
ಮೇನೇಜರು ಎಲ್ಲರೆದುರು ದಂಡ ಓದುವ ಕ್ರಮ.
ತಡ, ಓದಿದರು. ಕಳವು, ಓದಿದರು.
ಆಮೇಲೆ ಗಂಟಲು ಸರಿಮಾಡಿ, ಹುಬ್ಬು ಗಂಟಿಕ್ಕಿ...
ಆ ಪದವನ್ನು ತುಟಿ ಬಿಗಿದು ಹೇಳಲು ಆಗುವುದಿಲ್ಲ.
ನೀವೂ ನೋಡಿ.
ಕಿ, ತುಟಿ ಅಗಲ. ಸಿ, ಹಲ್ಲು ಹೊರಗೆ.
ಇನ್ನೊಮ್ಮೆ ಕಿ. ಇನ್ನೊಮ್ಮೆ ಸಿ.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ಮಸ್ಕರೇನ್ಹಸರ ಮೇಲಿನ ಸಾಲು ಕಂಡೆವು;
ಎಡಗಡೆಯದೊಂದು ಚಿನ್ನದ್ದು.

ಮುನ್ನೂರು ಹೆಂಗಸರು.
ಅವರೆಲ್ಲರಿಗೆ ಸಾಲುವಷ್ಟು ಗೆರೆ
ಆ ಪುಸ್ತಕದಲ್ಲಿ ಇರಲಿಲ್ಲ.
ಒಂದೇ ಒಂದು ತುಂಬಿಸಿದೆ:
ರೈಟರು. ಐವತ್ತು ಪೈಸೆ.
ಕಾರಣ: ಮೇಲಿನಂತೆ.

ಪೂವಕ್ಕನ ಮೇಲ್ದುಟಿಯಲ್ಲಿ ಒಂದು ಕಪ್ಪು ಕಲೆಯಿತ್ತು.
ಹಿಂದೆ, ಸಿಪ್ಪೆ ಒಡೆಯುವ ಶೆಡ್ಡಿನಲ್ಲಿದ್ದಾಗ,
ಗೇರೆಣ್ಣೆ ಹತ್ತಿದ ಅಂಗೈಯಲ್ಲಿ
ನಗು ಮುಚ್ಚಲು ಹೋಗಿ ಸುಟ್ಟದ್ದು.
ಅಂದು ಅವಳು
ಬಾಯಿಗೆ ಕೈ ಅಡ್ಡ ತರಲಿಲ್ಲ.