ಬಿಟ್ಟ ಸ್ಥಳ

ಮಂಡ್ಯದ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಹೊಂಗೆ ಮರದಡಿ ನನ್ನ ಮೇಜು.
ಮೂರು ಕಾಲು ಅದರದು, ನಾಲ್ಕನೆಯದು ಇಟ್ಟಿಗೆ.
ಹನ್ನೊಂದೂವರೆಗೆ ಬಂದಳು ಕೆರಗೋಡಿನ ದಾಕ್ಷಾಯಿಣಿ.
ಕೈಯಲ್ಲೊಂದು ನೋಟೀಸು, ಮಡಿಸಿ ಮಡಿಸಿ
ಬಸ್ ಟಿಕೆಟ್ಟಿನಷ್ಟಾಗಿತ್ತು.

ಡೈರಿಯ ತಕ್ಕಡಿಗೆ, ಫ್ಯಾಟು ನೋಡುವ ಪೆಟ್ಟಿಗೆಗೆ
ಲೆಕ್ಕ ಹೇಳುವ ಸಾಫ್ಟ್‌ವೇರು ಬರೆಯುತ್ತಾಳಂತೆ.
ಹಳೆ ಕಂಪನಿಯದೊಂದಿತ್ತು; ದುಬಾರಿ, ಮೇಲಾಗಿ
ಸಂಜೆ ಹಾಲು ಹಾಕೋ ಹೊತ್ತಿಗೇ ಮುನಿಸಿಕೊಳ್ಳುತ್ತಿತ್ತು.
ಇವಳು ಹೊಸದು ಬರೆದಳು.
ಆದರೆ ಊರೂರಿನ ತಕ್ಕಡಿಗಳು ಕಲಿತದ್ದು ಹಳೆಯ ಕರೆಗಳನ್ನೇ:
ಸದಸ್ಯರ ನಂಬರು ಮೊದಲು, ಆಮೇಲೆ ಲೀಟರು, ಆಮೇಲೆ ಫ್ಯಾಟು.
ಹಾಗೆ ಕರೆದಾಗ ಒಳಗಿನಿಂದ ಯಾರೋ ಓಗೊಡಬೇಕು.
ಯಾರಾದರೇನು, ತಕ್ಕಡಿಗೆ ಚೀಟಿ ಬಂದರೆ ಸಾಕು.

‘ಒಳಗಿನ ಒಂದು ಸಾಲೂ ಅವರದ್ದಲ್ಲ ಸಾರ್.
ಮೂರು ವರ್ಷ ಕೂತು ನಾನೇ ಬರ್ದಿದ್ದು.
ಬಾಗ್ಲು ಮಾತ್ರ ಅದೇ ಅಳತೆ.
ಬಾಗ್ಲೂ ನಮ್ದೇ ಅಂತವ್ರೆ.
ನಾನೂರ ಹನ್ನೆರಡು ಹೆಸರು, ಅವುಗಳ ಸಾಲು, ಎಲ್ಲಾ.’

ವಕೀಲರ ಕರಡು ಪಕ್ಕಕ್ಕಿಟ್ಟು ಶುರು ಮಾಡಿದೆ.
ಬೆರಳು ತಾನಾಗಿ ಹೊರಟಿತು:
‘ನಾನು ……, ಬಿನ್ ಅಥವಾ ಕೋಂ ……,
ವಯಸ್ಸು ಸುಮಾರು …… ವರ್ಷ, …… ಗ್ರಾಮದ ವಾಸಿ,
ಈ ಮೂಲಕ ಪ್ರಮಾಣಿಕರಿಸಿ ಹೇಳುವುದೇನೆಂದರೆ’
ಅಲ್ಲಿಗೆ ನಿಂತಿತು.

ಈ ಸಾಲು ಯಾರದು?
ಹೆಸರು ಕೊಡು, ಅಪ್ಪನ ಹೆಸರು ಕೊಡು, ವಯಸ್ಸು, ಊರು,
ಹಿಂದುಮುಂದಾಗದಂತೆ ಕೊಡು;
ಆಚೆಯಿಂದ ಒಂದು ಸೀಲು ಬೀಳುತ್ತದೆ.
ನನಗಿದನ್ನು ಕಲಿಸಿದ್ದು ಗಫಾರ್ ಸಾಹೇಬರು,
ಟೈಪ್‌ರೈಟರಿನ ಮುಂದೆ, ಗೆಣ್ಣಿಗೆ ಅಡಿಕೋಲಿನಿಂದ ಬಡಿದು.
ಅವರಿಗೆ ಯಾರೋ ಅಮಲ್ದಾರರ ಗುಮಾಸ್ತ.
ಅವನ ಹಿಂದಿನವನು
ಮೈಸೂರಿನ ಯಾವ ಕಡತದ ಧೂಳಿನಲ್ಲಿದ್ದಾನೋ.

ಇಷ್ಟು ಗೊತ್ತಿದ್ದೂ ಹೋದ ವರ್ಷ
ಪಕ್ಕದ ಮೇಜಿನ ಸಿಂಗ್ರಯ್ಯನ ಕೊರಳಪಟ್ಟಿ ಹಿಡಿದಿದ್ದೆ.
‘ನನ್ನ ಫಾರ್ಮೆಟ್ಟು! ಪೆನ್‌ಡ್ರೈವಲ್ಲಿ ಹೊತ್ಕೊಂಡು ಹೋದ!’
ಒಂಬತ್ತು ತಿಂಗಳಾಯಿತು,
ಒಂದೇ ಕ್ಯಾಂಟೀನಿನಲ್ಲಿ ಬೆನ್ನಿಗೆ ಬೆನ್ನು ಹಾಕಿ ಟೀ.

ಹೆಸರಿಡುವುದು ಸುಲಭವೇನಲ್ಲ, ಒಪ್ಪಿದೆ.
ಮೊಮ್ಮಗಳಿಗೆ ಒಂದು ಹುಡುಕಲು
ಹನ್ನೊಂದು ದಿನ ಮನೆಯೆಲ್ಲ ಜಗಳ.
ಇಟ್ಟ ಮೇಲೆ ಕೇರಿಯೆಲ್ಲ ಕರೆಯುತ್ತದೆ,
ಐಸ್‌ಕ್ಯಾಂಡಿಯವನೂ ಕರೆಯುತ್ತಾನೆ.
ಕರೆದಾಗಲೆಲ್ಲ ಕಾಸು ಕೇಳಲೇ?
ಹಾಗಂತ, ಹನ್ನೊಂದು ದಿನ ಜಗಳವಾಡಿದ್ದು ನಾವೇ.

‘ಗೆಲ್ತೀವಾ?’ ಎಂದೆ.
‘ವಕೀಲ್ರನ್ನ ಕೇಳ್ದೆ. ಕೆನೆ ಕಟ್ಟೋ ಮುಂಚೆ
ಹೆಂಗಮ್ಮ ಹೇಳಾದು ಅಂದ್ರು.’

ನಾಲ್ಕನೇ ಪ್ಯಾರಾದಲ್ಲಿ ‘ಕ’ ಕೈಕೊಟ್ಟಿತು.
ಕರೆ ಅನ್ನಲಾಗದು, ಕೆಲಸ ಅನ್ನಲಾಗದು,
ಕಂಪನಿ ಅಂತೂ ಆಗಲೇ ಆಗದು.
ಎಷ್ಟು ಕುಟ್ಟಿದರೂ ಇಲ್ಲ.
ಸಿಂಗ್ರಯ್ಯ ನೋಡುತ್ತಲೇ ಇದ್ದ. ಎದ್ದ.
ತನ್ನ ಕೀಬೋರ್ಡಿನ ವೈರು ಕಿತ್ತು
ನನ್ನ ಮೇಜಿಗಿಟ್ಟು ಬೀಡಿ ಹಚ್ಚಿದ. ಮಾತಿಲ್ಲ.
ಅವನದರಲ್ಲೂ ‘ಕ’ ಇರೋ ಜಾಗದಲ್ಲೇ ಇತ್ತು.
ಬೆರಳು ಹುಡುಕಲಿಲ್ಲ.

ಪುಟಕ್ಕೆ ಮೂವತ್ತು, ಆರು ಪುಟ.
ಮೂರೂವರೆ ಬಸ್ಸಿಗೆ ಓಡಿದಳು ದಾಕ್ಷಾಯಿಣಿ,
ಸಂಜೆ ಕ್ಯಾನುಗಳು ಬರುವ ಮೊದಲು ಊರು ಸೇರಬೇಕು.

ಕೀಬೋರ್ಡು ವಾಪಸು ಕೊಡಲು ಹೋದೆ.
ಅವನ ಪರದೆಯ ಮೇಲೆ ಅರ್ಧಕ್ಕೆ ನಿಂತಿತ್ತು ಒಂದು ಹಾಳೆ:
‘ನಾನು ……’ ಅದೇ ಚುಕ್ಕಿ, ಅದೇ ಅಂಚು,
‘ಈ ಮೂಲಕ ಪ್ರಮಾಣಿಕರಿಸಿ’,
ಇಪ್ಪತ್ತು ವರ್ಷದಿಂದ ನಾನೇ ದೀರ್ಘ ನುಂಗಿದ ‘ಣಿ’,
ಇಲ್ಲೂ ದೀರ್ಘವಿಲ್ಲದೆ ಕೂತಿತ್ತು.

ಚುಕ್ಕಿ ಯಾರದೋ ಏನೋ.
ಆ ತಪ್ಪು ಮಾತ್ರ ನನ್ನ ಸ್ವಂತದ್ದು.

‘ಟೀ ಕುಡಿಯಾನಾ?’ ಎಂದ.
‘ಮೊದ್ಲು ಅದನ್ನ ತಿದ್ದು’ ಎಂದೆ.