ನನ್ ಮಷೀನಲ್ಲಿ ಬರ್ತೈತಲ್ಲ

ಕೌಲ್ ಬಜಾರಿನಲ್ಲಿ, ಕೆಳಗೆ ಹನ್ನೆರಡು ಹೊಲಿಗೆ ಮಷೀನು.
ಮೇಲೆ ತಗಡಿನ ಕೋಣೆ, ನಾವು ಮೂರು ಜನ,
ಮೂರು ತರದ ಲ್ಯಾಪ್‌ಟಾಪು.
ಜೀನ್ಸಿನ ಆರ್ಡರು ಹಿಡಿಯುವ ಆ್ಯಪು
ಗಾದಿಲಿಂಗನ ಹತ್ತಿರ ಓಡುತ್ತದೆ,
ನನ್ನ ಹತ್ತಿರ ಕುಂಟುತ್ತದೆ,
ಮೆಹಜಬೀನಳ ಹತ್ತಿರ ಬರೀ ಬಿಳಿ.

“ನನ್ ಮಷೀನಲ್ಲಿ ಬರ್ತೈತಲ್ಲ” ಅಂದ ಗಾದಿಲಿಂಗ,
ಉಂಡು ಕೈತೊಳೆದವನ ಹಾಗೆ.
ಅವನ ನೋಡ್ ಇಪ್ಪತ್ತು, ನನ್ನದು ಹದಿನಾರು,
ಮೆಹಜಬೀನಳದು ಎಷ್ಟೋ,
ಲ್ಯಾಪ್‌ಟಾಪ್ ಕೊಟ್ಟ ಚಿಕ್ಕಪ್ಪನಿಗೂ ಗೊತ್ತಿಲ್ಲ.
ಮೂರು ದಿನ ಜಗಳ. ಏಪ್ರಿಲ್. ತಗಡು ಕಾದು
ಫ್ಯಾನಿಗೂ ಉಬ್ಬಸ.

ಫೋನಿಗೆ ಸಿಗ್ನಲ್ ಹುಡುಕಿ ಮೇಲೆ ಬಂದ
ಕಟಿಂಗ್ ಮಾಸ್ಟರ್ ಖಾದರ್‌ಬಾಷಾ ಬಾಗಿಲಲ್ಲೇ ನಿಂತು ನಕ್ಕ:
“ಈ ಮಾತು ಕೆಳಗೂ ಐತಮ್ಮ. ಅದೇ ಬಟ್ಟೆ, ಅದೇ ದಾರ,
ಒಬ್ಬಳ ಮಷೀನಲ್ಲಿ ನೆಟ್ಟಗೆ, ಇನ್ನೊಬ್ಬಳದ್ರಲ್ಲಿ ಸುಕ್ಕು.
ಬೈದಾಡಿದ್ರೆ ಪ್ಯಾಂಟು ಆಗಲ್ಲ. ರಟ್ಟು ಕತ್ತರಿಸ್ಬೇಕು,
ಮೊಳೆಗೆ ನೇತಾಕ್ಬೇಕು.”

ಸರಿ, ರಟ್ಟು ಕತ್ತರಿಸಲು ಕೂತೆವು.
ಡಾಕರ್‌ಫೈಲು: ಹೆಸರಿನ ಹಿಂದೆ ಬಾಲವಿಲ್ಲದ ಕಡತ,
ಹತ್ತು ಸಾಲು ದಾಟದ್ದು.
ಯಾವ ನೋಡ್, ಯಾವ ಮೂಲೆಯಲ್ಲಿ ಕೂರಬೇಕು,
ಏನೇನು ತರಿಸಬೇಕು, ಯಾವ ಬಾಗಿಲು ತೆರೆಯಬೇಕು.
ಮೊದಲ ಸಲ ಎಲ್ಲವನ್ನೂ ಒಂದೇ ಏಟಿಗೆ ಸುರಿದೆ;
ಒಂದು ಅಲ್ಪವಿರಾಮ ತಿದ್ದಿದರೆ ಸಾಕು,
ಎಂಟುನೂರು ಪ್ಯಾಕೇಜು ಮತ್ತೆ ಮೊದಲಿನಿಂದ ಇಳಿಯುತ್ತಿದ್ದವು.
ಮೆಹಜಬೀನಳ ದಿನದ ಡೇಟಾ ಹತ್ತೂವರೆಗೇ ಖಾಲಿ.
ಆಮೇಲೆ ಬುದ್ಧಿ ಬಂತು: ಮೊದಲು ಸಾಮಾನಿನ ಚೀಟಿ,
ಸಂತೆ ಮುಗಿದ ಮೇಲೆ ಅಡುಗೆ.
ಚೀಟಿ ಬದಲಾಗದಿದ್ದರೆ ಸಂತೆಗೆ ಹೋಗುವುದೇ ಬೇಡ.

ಶುಕ್ರವಾರ ಸಂಜೆ ಸಾಲು ಮೂಡಿತು, ಹಸಿರಕ್ಷರದಲ್ಲಿ:
ತಯಾರಾಗಿದೆ.
ಬ್ರೌಸರಿನಲ್ಲಿ ಮಾತ್ರ ಏನೂ ಇಲ್ಲ.
ಒಳಗೆ ಓಡುತ್ತಿದೆ, ಲಾಗ್ ಸಾಕ್ಷಿ;
ಕದ ತಟ್ಟಿದರೆ ಓಗೊಡುವುದಿಲ್ಲ.
ಗಾದಿಲಿಂಗ ಪೋರ್ಟು ಬದಲಿಸಿದ,
ನಾನು ಕೇಬಲ್ ಕಿತ್ತು ಮತ್ತೆ ಹಾಕಿದೆ,
ಕರೆಂಟು ತಾನೇ ಹೋಯಿತು.
ಕತ್ತಲಲ್ಲಿ ಮೆಹಜಬೀನ ಅಂದಳು, ಮೆಲ್ಲಗೆ:
“ಅದು ಪೆಟ್ಟಿಗೆಯೊಳಗೆ ಕೂತು ತನ್ನ ಮಾತು ತಾನೇ ಕೇಳ್ತೈತೆ.
ಲೋಕಲ್‌ಹೋಸ್ಟ್ ಅಂದ್ರೆ ಅದಕ್ಕೆ ತನ್ನ ಹೊಟ್ಟೆ.”
ನಾಲ್ಕು ಸೊನ್ನೆ ಬರೆದೆವು, ನಡುನಡುವೆ ಚುಕ್ಕೆ.
ಬೀದಿಯ ಕಡೆ ಮುಖ ಮಾಡಿತು.

ತಿದ್ದಿದ್ದು ಕೂಡಲೇ ಕಾಣಲೆಂದು
ನನ್ನ ಫೋಲ್ಡರನ್ನು ಒಳಗೆ ಚಾಪೆಯಂತೆ ಹಾಸಿದೆ;
ಚಾಪೆಯ ಕೆಳಗೆ ಅದರ ಸಾಮಾನೆಲ್ಲ ಮುಚ್ಚಿಹೋಯಿತು.
ಅವಕ್ಕೊಂದು ಬೇರೆ ಮೂಲೆ ಕೊಟ್ಟ ಮೇಲೆ ಸುಮ್ಮನಾಯಿತು.

ಮುಂದಿನ ವಾರ ಗಾದಿಲಿಂಗ ಬೆವೆತು ನಿಂತಿದ್ದ:
ಕಂಟೇನರನ್ನೇ ಅಳಿಸಿಬಿಟ್ಟೆ!
ರಟ್ಟು ಮೊಳೆಯ ಮೇಲಿದೆಯಲ್ಲ, ಇನ್ನೊಂದು ಕತ್ತರಿಸು ಅಂದೆ.
ನಲವತ್ತು ಸೆಕೆಂಡು. ಅವನೇ ಎಣಿಸಿದ.

ಈಗ ಮೂರರಲ್ಲೂ ಒಂದೇ ಪುಟ, ಒಂದೇ ತಪ್ಪು, ಒಂದೇ ಜಾಗದಲ್ಲಿ.
ತಪ್ಪು ಒಂದೇ ಆದದ್ದಕ್ಕೆ
ಮಂಡಕ್ಕಿ, ಮಿರ್ಚಿ ತರಿಸಿ ತಿಂದೆವು.

ತಿನ್ನುತ್ತ ಮೂರನ್ನೂ ಸಾಲಾಗಿಟ್ಟು ನೋಡಿದರೆ
ಆರ್ಡರ್ ಬಟನ್ನಿನ ನೀಲಿ
ಒಂದರಲ್ಲಿ ಇಂಕು, ಒಂದರಲ್ಲಿ ನೇರಳೆ ಹಣ್ಣು,
ನನ್ನ ಹಳೆಯ ಪರದೆಯಲ್ಲಿ ನೂರು ಸಲ ಒಗೆದ ಲುಂಗಿ.
ಅದೇ ಕೋಡು, ಬಣ್ಣಕ್ಕೆ ಅದೇ ಸಂಖ್ಯೆ.
ಗಾಜು ಪೆಟ್ಟಿಗೆಯ ಹೊರಗೇ ಉಳಿದಿತ್ತು.

ಖಾದರ್‌ಬಾಷಾನನ್ನು ಕೂಗಿದೆವು. ಬಂದ,
ಹೆಗಲ ಮೇಲೆ ಇನ್ನೂ ನೀರು ಕಾಣದ ಡೆನಿಮ್ಮಿನ ತುಂಡು.
ಒಂದೊಂದೇ ಪರದೆಗೆ ಹಿಡಿದು ನೋಡಿದ,
ಕಿಟಕಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿದ.
“ಯಾವ್ದೂ ಅಲ್ಲ” ಅಂದ.
ಬೆರಳಿಗೆ ಹತ್ತಿದ ಬಣ್ಣ ಪ್ಯಾಂಟಿಗೆ ಒರೆಸಿಕೊಳ್ಳುತ್ತ
ಇಳಿದು ಹೋದ.