ಸೀಮೆಸುಣ್ಣದ ವ್ಯಾನು

ಆರು ಮೀಟರ್ ಉದ್ದ, ಎರಡು ಮೀಟರ್ ಅಗಲ.
ಹನುಮಂತನಗರದ ನಮ್ಮ ತಾರಸಿಯ ಮೇಲೆ
ನೀರಿನ ಟ್ಯಾಂಕಿಗೂ ಬಟ್ಟೆ ತಂತಿಗೂ ನಡುವೆ
ಇವರು ಸೀಮೆಸುಣ್ಣದಲ್ಲಿ ವ್ಯಾನು ಬರೆದರು.
ಟೇಪು ಹಿಡಿದವಳು ನಾನು.

ಇದು ಒಲೆ. ಇದು ಮಂಚ, ಹಗಲು ಅದೇ ಮೇಜು.
ಕಾಫಿ ತಂದವಳನ್ನು ಗದರಿದರು:
ಗೋಡೆ ತೂರಿಕೊಂಡು ಬರ್ತೀಯಲ್ಲ,
ಬಾಗಿಲಿರೋದು ಯಾತಕ್ಕೆ?

ಮೂವತ್ತೊಂದು ವರ್ಷ ಇವರದು ಸ್ಟಿಯರಿಂಗು,
ಇಪ್ಪತ್ತು ವರ್ಷ ನನ್ನದು ಟಿಕೆಟ್ ಚೀಲ.
ಒಂದೇ ಡಿಪೋ. ಒಂದೇ ಬಸ್ಸಲ್ಲಿ ಡ್ಯೂಟಿ ಬಿದ್ದದ್ದು
ಎರಡೇ ದಿನ, ಎರಡು ದಿನವೂ ಜಗಳ.
ಭೂಮಿಯನ್ನು ಇಪ್ಪತ್ತೇಳು ಸುತ್ತು
ಸುತ್ತುವಷ್ಟು ಓಡಿಸಿದ್ದಾರೆ, ಲೆಕ್ಕ ಹಾಕಿದ್ದೇನೆ;
ತಲುಪಿದ್ದು ಮಾತ್ರ ಪ್ರತಿಸಲ ಶಿವಾಜಿನಗರ.

ಈಗ ನ್ಯೂಜಿಲೆಂಡಿನ ನಕ್ಷೆ
ಊಟದ ಮೇಜಿನ ಮೇಲೆ ಹದಿನೈದು ದಿನದಿಂದ;
ಮೂಲೆ ಸುರುಳದಂತೆ ಉಪ್ಪಿನಕಾಯಿ ಜಾಡಿ.
ನಾವು ತಟ್ಟೆ ಹಿಡಿದು ನೆಲದಲ್ಲಿ ಕೂರುತ್ತೇವೆ.
ಅಲ್ಲೂ ಎಡಗಡೆಯೇ ಓಡಿಸಬೇಕು, ಅದೊಂದು ಸಮಾಧಾನ.
ಇಲ್ಲಿ ಬಿಸಿಲು ಏರುವಾಗ ಅಲ್ಲಿ ಎಲೆ ಉದುರುತ್ತದಂತೆ.
ಚಟ್ನಿಪುಡಿಯನ್ನು ಫಾರಮ್ಮಿನಲ್ಲಿ ಬರೆದು ತೋರಿಸಬೇಕು,
ಬೂಟಿನ ಅಡಿಯ ಮಣ್ಣನ್ನೂ ನೋಡುತ್ತಾರಂತೆ.

ನೂರು ಲೀಟರ್ ನೀರು, ಮೂರು ದಿನ ಬರಬೇಕು.
ಕಾವೇರಿ ದಿನ ಬಿಟ್ಟು ದಿನ ಬರುವ ಬೀದಿಯವಳಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ.
ಕಕ್ಕಸಿನ ಡಬ್ಬಿ ಖಾಲಿ ಮಾಡುವವರು ಯಾರು
ಎಂಬುದಷ್ಟೇ ಇನ್ನೂ ತೀರ್ಮಾನವಾಗಿಲ್ಲ.

ನಾದಿನಿ ಸಾಕಮ್ಮ ಅಂದಳು:
ಆ ದುಡ್ಡಿಗೆ ಒಂದು ಮಹಡಿ ಎತ್ತಬಹುದಿತ್ತು,
ಬಾಡಿಗೆಯಾದರೂ ಬರ್ತಿತ್ತು.
ಎತ್ತಿದ್ದೇವಲ್ಲ, ಬಾ ಎಂದು ಮೇಲೆ ಕರೆದೊಯ್ದೆ.
ನೋಡಿದಳು, ನಗಲಿಲ್ಲ.
ಗೆರೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು.
ಕಿಟಕಿ ಎಲ್ಲಿ ಅಂತ ಕೇಳಿದಳು.

ಇವರಿಗೆ ಹಿಮದ ಭಯವಿಲ್ಲ, ಘಾಟಿಯ ಭಯವಿಲ್ಲ,
ಒಂದೇ ವಾಹನ ಹಿಡಿಸುವ ಸೇತುವೆಯ ಭಯವೂ ಇಲ್ಲ.
ಮೊನ್ನೆ ಹಲ್ಲುಜ್ಜುತ್ತಾ ಕೇಳಿದರು:
ಗಂಟೆಗಟ್ಟಲೆ ಒಂದು ಗಾಡಿಯೂ ಎದುರು ಬರಲ್ಲವಂತೆ ಕಣೆ,
ಹಾರ್ನು ಯಾರಿಗೆ ಹೊಡೀಲಿ?
ನನ್ನಲ್ಲಿ ಉತ್ತರವಿರಲಿಲ್ಲ.
ಟಿಕೆಟ್ ಕೇಳಲು ನನಗೂ ಯಾರೂ ಇರುವುದಿಲ್ಲವಲ್ಲ.

ನಿನ್ನೆ ರಾತ್ರಿ ಅಭ್ಯಾಸಕ್ಕೆಂದು ಅಲ್ಲೇ ಮಲಗಿದೆವು,
ಗೆರೆ ಮೀರದಂತೆ ಮೊಣಕಾಲು ಮಡಚಿ.
ತೆಂಕಣಕ್ಕೆ, ಅಪಾರ್ಟ್‌ಮೆಂಟಿನ ಟ್ಯಾಂಕಿಗೆ ತಾಗುವಷ್ಟು ಕೆಳಗೆ
ತ್ರಿಶಂಕು ತೂಗುತ್ತಿದ್ದ, ಎರಡು ಲೋಕಕ್ಕೂ ಸೇರದೆ.
ಅಲ್ಲಿ ಅವನು ನೆತ್ತಿಯ ಮೇಲೇ ಇರುತ್ತಾನಂತೆ.
ಪಕ್ಕದ ಬೀದಿಯಲ್ಲಿ ಕಸದ ಲಾರಿ ರಿವರ್ಸ್ ಹೋಗುತ್ತಿತ್ತು.

ನಿದ್ದೆಯಲ್ಲಿ ಇವರ ಬಲಗಾಲು ಚಾಚಿತು,
ಬ್ರೇಕು ಒತ್ತಿ ಹಿಡಿಯಿತು. ಯಾವ ಸ್ಟಾಪೋ,
ಯಾರು ಇಳಿಯುತ್ತಿದ್ದರೋ.
ಎಷ್ಟು ಹೊತ್ತಾದರೂ ಬಿಡಲಿಲ್ಲ.
ಬಸ್ಸಿನ ಮೈ ತಟ್ಟಿ ಹೊರಡಿಸೋಣವೆಂದರೆ
ನಮ್ಮ ವ್ಯಾನಿಗೆ ಮೈಯೇ ಇಲ್ಲ.
ನೆಲವನ್ನೇ ಎರಡು ಸಲ ತಟ್ಟಿದೆ.
ರೈಟ್, ಅಂದೆ, ಮೆಲ್ಲಗೆ.

ಕಾಲು ಸಡಿಲಾಯಿತು.